ಬೇರು ಕಿತ್ತು ನೋಡಿದ ಮೇಲೆ

ಹನ್ನೊಂದು ಟೊಮೆಟೊ ಗಿಡ ಇದ್ದವು. ಮಧ್ಯಾಹ್ನ ಆಗುತ್ತಿದ್ದ ಹಾಗೆ ಹನ್ನೊಂದೂ ತಲೆ ಜೋತು ಹಾಕಿ ನಿಲ್ಲುತ್ತಿದ್ದವು. ಬೆರಳು ಇಟ್ಟು ನೋಡಿದರೆ ಮಣ್ಣು ಒದ್ದೆಯಾಗಿಯೇ ಇರುತ್ತಿತ್ತು. ಬಿಸಿಲು ಇಳಿದ ಮೇಲೆ ಮತ್ತೆ ನಿಧಾನವಾಗಿ ಎದ್ದು ನಿಲ್ಲುತ್ತಿದ್ದವು. ಬಿಸಿಲು ಜಾಸ್ತಿ ಆಯ್ತೇನೋ ಅಂದುಕೊಂಡು ನೆರಳಿನ ಬಲೆ ಕಟ್ಟಿದೆ. ಇನ್ನೊಂದಿಷ್ಟು ನೀರು ಹಾಕಿದೆ. ಎಲೆ ಹಳದಿಯಾದಾಗ ಗೊಬ್ಬರ ಕೊಟ್ಟೆ. ಹುಳ ಇರಬಹುದು ಅಂತ ಎಲೆಯ ಹಿಂದೆ ಮುಂದೆ ಬೇವಿನೆಣ್ಣೆ ಸಿಂಪಡಿಸಿದೆ. ಏಳು ವಾರ ಹೀಗೇ ನಡೆಯಿತು. ಕೊನೆಗೆ ಒಂದು ಗಿಡ ಪೂರ್ತಿ ಒಣಗಿತು. ಅದನ್ನು ಬುಡಸಮೇತ ಕಿತ್ತೆ.

ಬೇರು ನೋಡಿ ಕೈ ಹಾಗೇ ನಿಂತಿತು. ತೆಳ್ಳಗೆ, ಬೆಳ್ಳಗೆ ಹರಡಿರಬೇಕಾದ ಬೇರುಗಳು ಶುಂಠಿಯ ಹಾಗೆ ಊದಿಕೊಂಡಿದ್ದವು. ಕೆಲವು ಗಂಟು ಸಾಸಿವೆಯಷ್ಟು, ಕೆಲವು ಗೋಲಿಯಷ್ಟು. ಎರಡು ಮೂರು ಗಂಟು ಕೂಡಿ ಮುದ್ದೆಯಾದ ಕಡೆ ಬೇರಿನ ತುದಿಯೇ ಇರಲಿಲ್ಲ. ನೀರು ಹೀರುವ ಸಣ್ಣ ಬೇರುಗಳಂತೂ ಹುಡುಕಿದರೂ ಸಿಗಲಿಲ್ಲ. ಏಳು ವಾರದಿಂದ ನಾನು ಬಾಯಿಯೇ ಇಲ್ಲದ ಗಿಡಕ್ಕೆ ನೀರು ಕುಡಿಸುತ್ತಿದ್ದೆ.

ಉಳಿದ ಹತ್ತನ್ನೂ ಕಿತ್ತೆ. ಎಲ್ಲದರ ಬೇರೂ ಹಾಗೇ ಇತ್ತು. ಪಕ್ಕದ ಪಾತಿಯ ಬದನೆ ಕಿತ್ತೆ, ಬೆಂಡೆ ಕಿತ್ತೆ. ಅವೂ ಹಾಗೇ. ಎಲ್ಲವನ್ನೂ ಒಂದು ಮೂಲೆಗೆ ಹಾಕಿ, ಗುದ್ದಲಿ ಒರಗಿಸಿಟ್ಟು ಒಳಗೆ ಬಂದೆ. ಆಮೇಲೆ ಎರಡೂವರೆ ವರ್ಷ ಆ ಮಣ್ಣು ಮುಟ್ಟಲಿಲ್ಲ.

"ಯಾಕೆ, ಈಗ ತರಕಾರಿ ಬೆಳೆಯಲ್ವಾ?" ಅಂತ ಕೇಳಿದವರಿಗೆ ಪುರುಸೊತ್ತಿಲ್ಲ ಅನ್ನುತ್ತಿದ್ದೆ. ಪುರುಸೊತ್ತು ಇತ್ತು. ಆ ಬೇರು ನೋಡಿದ ಮೇಲೆ ಮನಸ್ಸು ಬರಲಿಲ್ಲ, ಅಷ್ಟೇ. ದಿನಾ ಬೆಳಿಗ್ಗೆ ಎದ್ದು ನೀರು ಹಾಕಿ, ಒಂದೊಂದು ಎಲೆಯನ್ನೂ ತಿರುಗಿಸಿ ನೋಡಿಕೊಂಡ ಗಿಡಗಳು ಅವು. ನಾನು ನೋಡುತ್ತಿದ್ದ ಜಾಗದಲ್ಲಿ ಏನೂ ನಡೆಯುತ್ತಿರಲಿಲ್ಲ, ನಡೆಯುತ್ತಿದ್ದದ್ದೆಲ್ಲ ಒಂದು ಗೇಣು ಕೆಳಗೆ ಅನ್ನುವುದು ತುಂಬಾ ನೋಯಿಸಿತ್ತು. ಮತ್ತೆ ನೆಟ್ಟರೆ ಮತ್ತೆ ಹೀಗೇ ಆಗುತ್ತದೆ ಅನ್ನಿಸುತ್ತಿತ್ತು. ಸ್ವಲ್ಪ ದಿನ ಮಣ್ಣನ್ನು ಅದರ ಪಾಡಿಗೆ ಬಿಟ್ಟರೆ ತಾನೇ ಸರಿಹೋಗಬಹುದು ಅನ್ನುವ ಸಮಾಧಾನವೂ ಇತ್ತು.

ಮತ್ತೆ ಶುರುವಾದದ್ದು ಒಂದು ತಗಡಿನ ಡಬ್ಬಿಯಿಂದ. ಕಪಾಟು ಖಾಲಿ ಮಾಡುವಾಗ ಹಳೆಯ ಬೀಜದ ಪೊಟ್ಟಣಗಳು ಸಿಕ್ಕವು. ಟೊಮೆಟೊ, ಬೆಂಡೆ, ಸೌತೆ, ಈರುಳ್ಳಿ, ಒಂದು ಹಿಡಿ ಬೀನ್ಸ್. ಎಸೆಯಲು ಕೈ ಬರಲಿಲ್ಲ. ಸುಮ್ನೆ ನೋಡೋಣ ಅಂತ ಒಂದೊಂದರಲ್ಲಿ ಹತ್ತು ಬೀಜ ಎಣಿಸಿ, ಒದ್ದೆ ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಮಡಿಸಿ, ಮುಚ್ಚಳ ಇರುವ ಡಬ್ಬದಲ್ಲಿ ಬೆಚ್ಚಗಿನ ಜಾಗದಲ್ಲಿ ಇಟ್ಟೆ. ಹಳೆಯ ಬೀಜ ಬಿತ್ತುವ ಮೊದಲು ಎಲ್ಲರೂ ಮಾಡಬೇಕಾದ ಪರೀಕ್ಷೆ ಇದು. ಹತ್ತರಲ್ಲಿ ಎಷ್ಟು ಮೊಳೆಯುತ್ತವೆ ಅನ್ನುವುದು ಗೊತ್ತಾದರೆ ಎಷ್ಟು ದಟ್ಟವಾಗಿ ಬಿತ್ತಬೇಕು ಅನ್ನುವುದೂ ಗೊತ್ತಾಗುತ್ತದೆ.

ಐದನೇ ದಿನ ಬಟ್ಟೆ ಬಿಚ್ಚಿದೆ. ಸೌತೆ ಹತ್ತಕ್ಕೆ ಒಂಬತ್ತು, ಬೀನ್ಸ್ ಏಳು, ಬೆಂಡೆ ನಾಲ್ಕು. ಈರುಳ್ಳಿ ಒಂದೂ ಇಲ್ಲ. ಈರುಳ್ಳಿ ಬೀಜದ ಆಯುಷ್ಯವೇ ಕಮ್ಮಿ, ಒಂದೆರಡು ವರ್ಷ ದಾಟಿದರೆ ನಂಬುವ ಹಾಗಿಲ್ಲ. ಟೊಮೆಟೊ, ಸೌತೆ ನಾಲ್ಕೈದು ವರ್ಷ ತಡೆಯುತ್ತವೆ. ತೇವ ಮತ್ತು ಸೆಕೆ, ಇವೆರಡೇ ಬೀಜದ ಆಯುಷ್ಯ ತಿನ್ನುವುದು. ಬೀಜ ಕಾಪಿಡುವವರು ಹ್ಯಾರಿಂಗ್ಟನ್ ಎಂಬ ವಿಜ್ಞಾನಿಯ ಹೆಸರಲ್ಲಿ ಒಂದು ಅಂದಾಜು ಲೆಕ್ಕ ಹೇಳುತ್ತಾರೆ. ಬೀಜದ ತೇವ ಶೇಕಡಾ 1ರಷ್ಟು ಇಳಿದರೆ ಆಯುಷ್ಯ ಎರಡರಷ್ಟು. ಇಟ್ಟ ಜಾಗದ ಬಿಸಿ 5 ಡಿಗ್ರಿ ಇಳಿದರೂ ಎರಡರಷ್ಟು. ನನ್ನ ಡಬ್ಬಿ ಕತ್ತಲೆಯ ಕಪಾಟಿನ ತಳದಲ್ಲಿ, ಮುಚ್ಚಳ ಬಿಗಿಯಾಗಿ ಕೂತಿತ್ತು. ಅದೇ ಕಾಪಾಡಿರಬೇಕು.

ಟೊಮೆಟೊ ಕಡೆಯಲ್ಲಿ ನೋಡಿದೆ. ಎಂಟು ಮೊಳೆತಿದ್ದವು. ಒಂದು ಬೀಜದಿಂದ ಅರ್ಧ ಇಂಚಿನಷ್ಟು ಬಿಳಿ ಬೇರು ಬಂದಿತ್ತು. ತುದಿಗಿಂತ ಸ್ವಲ್ಪ ಹಿಂದೆ, ಸುತ್ತಲೂ ಹತ್ತಿಯ ಎಳೆಯಂಥ ಏನೋ ಬಿಳಿ. ಬೂಷ್ಟು ಹಿಡಿದಿದೆ ಅಂದುಕೊಂಡೆ. ನೀರು ಚಿಮುಕಿಸಿದೆ. ಆ ಬಿಳಿ ಬೇರಿಗೆ ಅಂಟಿ ಮಾಯವಾಯಿತು. ಸ್ವಲ್ಪ ಹೊತ್ತು ಆರಲು ಬಿಟ್ಟು ನೋಡಿದರೆ ಮತ್ತೆ ನಿರಿಗೆಯ ಹಾಗೆ ಎದ್ದು ನಿಂತಿತ್ತು. ಬೂಷ್ಟಾಗಿದ್ದರೆ ಹಾಗೆ ಮಾಯವಾಗುವುದಿಲ್ಲ. ಅದು ಬೇರಿನ ರೋಮ. ಗಿಡ ನೀರು ಕುಡಿಯುವುದು ಹೆಚ್ಚಾಗಿ ಅದರಿಂದಲೇ. ಎರಡೂವರೆ ವರ್ಷದ ಹಿಂದೆ ಹನ್ನೊಂದು ಗಿಡ ಕಿತ್ತು ಹುಡುಕಿದರೂ ಸಿಗದೇ ಇದ್ದದ್ದು ಇಲ್ಲಿ ಒಂದು ಒದ್ದೆ ಬಟ್ಟೆಯ ಮೇಲೆ, ಮಣ್ಣೇ ಇಲ್ಲದೆ, ಅರ್ಧ ಇಂಚಿನಲ್ಲಿ ತುಂಬಿಕೊಂಡಿತ್ತು.

ಅವತ್ತು ಸಂಜೆ ಗುದ್ದಲಿ ಹುಡುಕಿದೆ.

ಹಿತ್ತಿಲು ಅಂತ ಗುರುತೇ ಸಿಗುವ ಹಾಗಿರಲಿಲ್ಲ. ಗರಿಕೆ, ಜೇಕು, ಎದೆ ಎತ್ತರದ ಏನೇನೋ ಕಳೆ. ಜೇಕಿನ ಗಡ್ಡೆಗಳು ದಾರಕ್ಕೆ ಪೋಣಿಸಿದ ಹಾಗೆ ಒಂದರ ಹಿಂದೆ ಒಂದು ಬರುತ್ತವೆ. ಮೇಲಿನಿಂದ ಎಳೆದರೆ ಹುಲ್ಲು ಕೈಗೆ ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ಮೂರು ದಿನ ಕೂತು ಅಗೆದೆ. ಕಳೆ ಕೀಳುವಾಗ ಒಂದೊಂದರ ಬೇರೂ ತಿರುಗಿಸಿ ನೋಡುತ್ತಿದ್ದೆ. ಮೊದಲು ಇಲ್ಲದ ಅಭ್ಯಾಸ. ಅಗಲ ಎಲೆಯ ಕೆಲವು ಕಳೆಗಳ ಬೇರಿನಲ್ಲಿ ಅದೇ ಗಂಟು ಕಂಡವು. ಸಣ್ಣವು, ಆದರೆ ಅನುಮಾನವೇ ಇರಲಿಲ್ಲ.

ಬಿಟ್ಟರೆ ತಾನೇ ಸರಿಹೋಗುತ್ತದೆ ಅಂದುಕೊಂಡಿದ್ದೆನಲ್ಲ, ಅದು ಸುಳ್ಳು ಅಂತ ಆಗ ಗೊತ್ತಾಯಿತು. ನಾನು ಟೊಮೆಟೊ ಹಾಕದೆ ಉಪವಾಸ ಕೆಡವಿದೆ ಅಂದುಕೊಂಡ ಹುಳುಗಳನ್ನು ಕಳೆ ಗಿಡಗಳು ಎರಡೂವರೆ ವರ್ಷ ಸಾಕಿದ್ದವು.

ಆ ಹುಳುವಿನ ಬಗ್ಗೆ ಸರಿಯಾಗಿ ಓದಿದ್ದು ಆಮೇಲೆ. ಮೊದಲೇ ಓದಬೇಕಿತ್ತು. ಬೇರುಗಂಟು ಜಂತುಹುಳು ಅನ್ನುತ್ತಾರೆ. ವಿಜ್ಞಾನದ ಹೆಸರು ಮೆಲಾಯ್ಡೊಗೈನಿ. ಮೊಟ್ಟೆಯಿಂದ ಹೊರಬಂದ ಮರಿ ಅರ್ಧ ಮಿಲಿಮೀಟರಿಗಿಂತ ಕಮ್ಮಿ ಉದ್ದ, ಬರಿಗಣ್ಣಿಗೆ ಕಾಣುವುದೇ ಇಲ್ಲ. ಬೇರಿನ ತುದಿಯ ಹತ್ತಿರ ಒಳಗೆ ನುಗ್ಗುತ್ತದೆ. ಒಂದು ಕಡೆ ನೆಲೆ ನಿಂತು ಸುತ್ತಲಿನ ಜೀವಕೋಶಗಳನ್ನು ತನಗೆ ಊಟ ಒದಗಿಸುವ ದೊಡ್ಡ ಕೋಶಗಳನ್ನಾಗಿ ಮಾಡಿಕೊಳ್ಳುತ್ತದೆ. ನಮಗೆ ಕಾಣುವ ಗಂಟು ಅಂದರೆ ಗಿಡದ್ದೇ ಬೇರು, ಹಾಗೆ ಊದಿಕೊಂಡಿರುವುದು. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಮಣ್ಣು ಬೆಚ್ಚಗಿದ್ದರೆ ತಿಂಗಳೊಳಗೆ ಇನ್ನೊಂದು ತಲೆಮಾರು ತಯಾರು. ಎರಡು ಸಾವಿರಕ್ಕೂ ಹೆಚ್ಚು ಬಗೆಯ ಗಿಡಗಳಲ್ಲಿ ಬದುಕಬಲ್ಲದು. 1855ರಲ್ಲಿ ಇಂಗ್ಲೆಂಡಿನ ಬರ್ಕ್ಲಿ ಎಂಬ ಪಾದ್ರಿ ಗಾಜಿನ ಮನೆಯಲ್ಲಿ ಬೆಳೆದ ಸೌತೆಯ ಬೇರಿನಲ್ಲಿ ಈ ಗಂಟುಗಳನ್ನು ನೋಡಿ ಬರೆದಿಟ್ಟರು. ಮಧ್ಯಾಹ್ನ ಬಾಡಿ ಸಂಜೆ ಏಳುವ ಸೌತೆಯ ಪಕ್ಕ ಅವರೂ ಹೀಗೇ ನಿಂತಿದ್ದಿರಬಹುದು ಅಂತ ಯಾಕೋ ಅನ್ನಿಸಿತು.

ನನಗೆ ಜಾಸ್ತಿ ತಟ್ಟಿದ ಸಂಗತಿ ಇನ್ನೊಂದು. ಈ ಹುಳು ತಾನಾಗಿ ದೂರ ಹೋಗಲಾರದು. ಒಂದು ವರ್ಷ ತೆವಳಿದರೂ ಹೆಚ್ಚೆಂದರೆ ಒಂದು ಮೀಟರ್. ಅದು ಊರೂರು ಸುತ್ತುವುದು ನಮ್ಮಿಂದ. ಗುದ್ದಲಿಗೆ ಅಂಟಿದ ಮಣ್ಣು, ಹರಿಯುವ ನೀರು, ಎಲ್ಲಕ್ಕಿಂತ ಹೆಚ್ಚಾಗಿ ಸಸಿಗಳ ಬುಡದ ಮಣ್ಣು. ಆ ವರ್ಷದ ಟೊಮೆಟೊ ಸಸಿಗಳನ್ನು ನಾನು ಒಂದು ನರ್ಸರಿಯಿಂದ ತಂದಿದ್ದೆ. ಹಸಿರಾಗಿ, ಗಟ್ಟಿಮುಟ್ಟಾಗಿ ಇದ್ದವು. ಬುಡ ಬಿಡಿಸಿ ನೋಡಿರಲಿಲ್ಲ. ಒಂದನ್ನು ನೋಡಿದ್ದರೂ ಸಾಕಿತ್ತು. ಈಗ ಎಲ್ಲಿಂದ ಯಾವ ಸಸಿ ಬಂದರೂ ಒಂದರ ಬೇರನ್ನು ನೀರಿನಲ್ಲಿ ತೊಳೆದು ಬೆಳಕಿಗೆ ಹಿಡಿಯುತ್ತೇನೆ. ಹೆಚ್ಚಿನ ಸಸಿ ಮನೆಯಲ್ಲೇ ಎಬ್ಬಿಸುತ್ತೇನೆ.

ಪ್ಲಾಸ್ಟಿಕ್ ಹಾಳೆ ಹಾಸಿ ಮಣ್ಣನ್ನು ಬಿಸಿಲಿಗೆ ಬೇಯಿಸುವುದು ಅಂತ ತೀರ್ಮಾನ ಮಾಡಿದೆ. ಆದರೆ ಅಗೆದು ನೀರು ಹಾಕಿದ ಹತ್ತೇ ದಿನಕ್ಕೆ ಇನ್ನೊಂದು ನಡೆಯಿತು. ಮಣ್ಣಿನ ಮೇಲೆ ಕೆಂಪು ಛಾಯೆಯ ಪುಟ್ಟ ಪುಟ್ಟ ಎಲೆಗಳು ಜೊತೆಜೊತೆಯಾಗಿ ಎದ್ದವು. ಮೊದಲು ಕಳೆ ಅಂದುಕೊಂಡೆ. ಮೂರನೇ ಎಲೆ ಬಂದಾಗ ಗುರುತು ಸಿಕ್ಕಿತು. ದಂಟಿನ ಸೊಪ್ಪು! ತೋಟ ಬಿಡುವ ಹೊತ್ತಿಗೆ ಎರಡು ದಂಟಿನ ಗಿಡ ತೆನೆ ಬಿಟ್ಟು ಒಣಗಿದ್ದವು. ಅವನ್ನು ಕೀಳಲೂ ಇಲ್ಲ. ಒಂದು ಗಿಡದಿಂದಲೇ ಸಾವಿರಗಟ್ಟಲೆ ಬೀಜ ಉದುರುತ್ತದೆ. ಮಣ್ಣಿನಡಿ ಕತ್ತಲೆಯಲ್ಲಿ ಮಲಗಿದ್ದ ಬೀಜ ಗುದ್ದಲಿ ತಾಗಿ ಮೇಲೆ ಬಂದಿತ್ತು. ಇಂಥ ಸಣ್ಣ ಬೀಜಗಳಲ್ಲಿ ತುಂಬ ಬಗೆಗಳು ಬೆಳಕು ಕಂಡ ಮೇಲೇ ಏಳುವುದು. ಅಗೆದ ಮೇಲೆ ಕಳೆ ಜಾಸ್ತಿ ಆಗುತ್ತದೆ ಅಂತ ನಾವು ಹೇಳುವುದೂ ಇದಕ್ಕೇ.

ಬೀಜ ಎಷ್ಟು ಕಾಲ ಕಾಯಬಹುದು ಅನ್ನುವುದಕ್ಕೆ ಒಂದು ಪ್ರಯೋಗ ಇದೆ. ನನಗೆ ತುಂಬಾ ಇಷ್ಟದ್ದು. 1879ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಜೇಮ್ಸ್ ಬೀಲ್ ಎಂಬ ಸಸ್ಯವಿಜ್ಞಾನಿ 20 ಬಾಟಲಿಗಳಲ್ಲಿ ಮರಳು ಬೆರೆಸಿದ ಬೀಜ ತುಂಬಿ ನೆಲದಲ್ಲಿ ಹೂತರು. ಒಂದೊಂದು ಬಾಟಲಿಯಲ್ಲೂ 21 ಬಗೆಯ ಗಿಡಗಳ ಐವತ್ತೈವತ್ತು ಬೀಜ. ಮೊದಮೊದಲು ಐದು ವರ್ಷಕ್ಕೊಂದು, ಆಮೇಲೆ ಹತ್ತು ವರ್ಷಕ್ಕೊಂದು, ಈಗ ಇಪ್ಪತ್ತು ವರ್ಷಕ್ಕೊಂದು ಬಾಟಲಿ ತೆಗೆಯುತ್ತಾರೆ. ಬೀಲ್ ಹೋಗಿ ಎಷ್ಟೋ ಕಾಲವಾಯಿತು. ಒಬ್ಬರು ಇನ್ನೊಬ್ಬರಿಗೆ ಜಾಗದ ಗುರುತು ಕೊಟ್ಟು ಹೋಗುತ್ತಾರೆ. 2021ರಲ್ಲಿ ಒಂದು ಬಾಟಲಿ ತೆಗೆದರು. ಉಳಿದ ಬೀಜಗಳಿಗೆ ಬೆಳಕು ಬೀಳಬಾರದು ಅಂತ ರಾತ್ರಿ ಹೊತ್ತು ಅಗೆದರು. 142 ವರ್ಷ ಮಣ್ಣಿನಡಿ ಇದ್ದ ಬೀಜಗಳಲ್ಲಿ ಕೆಲವು ಮೊಳೆತವು. ಕೊನೆಯ ಬಾಟಲಿ 2100ರಲ್ಲಿ ತೆಗೆಯಬೇಕಂತೆ. ಅದರ ಮುಂದೆ ನನ್ನ ಎರಡೂವರೆ ವರ್ಷ ಏನು!

ದಂಟು ಎದ್ದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸುವುದನ್ನು ಮುಂದೂಡಿದೆ. ಬಿತ್ತದೆ ಬಂದ ಬೆಳೆಯನ್ನು ಹೇಗೆ ಮುಚ್ಚಲಿ? 25 ದಿನಕ್ಕೆ ಗೇಣುದ್ದ ಬಂದವು. ಬೇರುಸಮೇತ ಕಿತ್ತು ಎರಡು ತೆಕ್ಕೆ ಸೊಪ್ಪು ಒಳಗೆ ತಂದೆ. ಬೇರು ಕತ್ತರಿಸಿ ಬೇರೆ ಚೀಲಕ್ಕೆ ಹಾಕಿದೆ. ಎರಡೂವರೆ ವರ್ಷದ ಮೇಲೆ ಆ ಮಣ್ಣಿನಿಂದ ಬಂದ ಮೊದಲ ಊಟ ಅದು. ತಟ್ಟೆಯ ಮುಂದೆ ಕೂತಾಗ ಗಂಟಲು ಕಟ್ಟಿತು.

ಆಮೇಲೆ ಹಾಳೆ. ಈ ವಿಧಾನವನ್ನು ಇಸ್ರೇಲಿನಲ್ಲಿ ಕಟಾನ್ ಎಂಬ ವಿಜ್ಞಾನಿ ಮತ್ತು ಜೊತೆಯವರು 1976ರಲ್ಲಿ ಪ್ರಕಟಿಸಿದರು. ಮಾಡುವುದು ಕಷ್ಟ ಇಲ್ಲ. ಮಣ್ಣು ಸಡಿಲಿಸಿ, ಸಮ ಮಾಡಿ, ಒಂದು ಗೇಣು ಆಳಕ್ಕೆ ಇಳಿಯುವ ಹಾಗೆ ನೀರು ಕುಡಿಸಬೇಕು. ಒಣ ಮಣ್ಣಿಗಿಂತ ಒದ್ದೆ ಮಣ್ಣಿನಲ್ಲಿ ಬಿಸಿ ಚೆನ್ನಾಗಿ ಕೆಳಗೆ ಇಳಿಯುತ್ತದೆ. ಅದರ ಮೇಲೆ ತೆಳ್ಳನೆಯ ಪಾರದರ್ಶಕ ಹಾಳೆ ಬಿಗಿಯಾಗಿ ಹಾಸಿ, ನಾಲ್ಕೂ ಅಂಚನ್ನು ಮಣ್ಣಿನಲ್ಲಿ ಹೂಳಬೇಕು. ಕಪ್ಪು ಹಾಳೆ ಬೇಡ. ಅದು ತಾನೇ ಕಾಯುತ್ತದೆ, ಮಣ್ಣಿಗೆ ಅಷ್ಟು ಬಿಸಿ ಬಿಡುವುದಿಲ್ಲ. ವರ್ಷದಲ್ಲಿ ಬಿಸಿಲು ಅತಿ ಜೋರಾಗಿರುವ ನಾಲ್ಕರಿಂದ ಆರು ವಾರ ಹಾಗೇ ಬಿಡಬೇಕು. ನಾನು ಆರು ವಾರ ಬಿಟ್ಟೆ. ಒಂದು ಮಧ್ಯಾಹ್ನ ಅಂಚು ಸ್ವಲ್ಪ ಎತ್ತಿ ಎರಡು ಇಂಚು ಆಳಕ್ಕೆ ಥರ್ಮಾಮೀಟರ್ ಚುಚ್ಚಿದೆ. 49 ಡಿಗ್ರಿ ತೋರಿಸಿತು.

ಇದರಿಂದ ಎಲ್ಲ ಹುಳು ಸಾಯುವುದಿಲ್ಲ. ಮೇಲಿನ ಆರೇಳು ಇಂಚಿನಲ್ಲಿ ಇರುವವು ಹೆಚ್ಚಾಗಿ ಹೋಗುತ್ತವೆ. ಇನ್ನೂ ಕೆಳಗಿರುವವು ಉಳಿದು, ಬೇರಿನ ವಾಸನೆ ಹಿಡಿದು ಮತ್ತೆ ಮೇಲೆ ಬರುತ್ತವೆ. ಜೇಕಿನ ಗಡ್ಡೆಯೂ ಪೂರ್ತಿ ಸಾಯಲಿಲ್ಲ. ಹಾಳೆ ತೆಗೆದ ಎರಡನೇ ವಾರ ಅಲ್ಲಲ್ಲಿ ತಲೆ ಎತ್ತಿತು. ಇದನ್ನು ಮೊದಲೇ ತಿಳಿದುಕೊಂಡೇ ಶುರು ಮಾಡಿದ್ದೆ. ಹುಳು ಇರುತ್ತದೆ, ಅದರ ಜೊತೆಗೇ ಬೆಳೆಯಬೇಕು. ಗಿಡಕ್ಕೆ ಬೇರು ಬಲಿಯುವಷ್ಟು ಸಮಯ ಕೊಡಿಸಿದರೆ ನನ್ನ ಪಾಲಿನ ಕೆಲಸ ಆಯಿತು.

ಹಿಂದೆ ಹಿತ್ತಿಲಿನ ತುಂಬ ಪಾತಿ ಇತ್ತು. ಈ ಸಲ ಒಂದೇ ಪಾತಿ ಮಾಡಿದೆ. ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ. ಯಾವ ಕಡೆಯಿಂದ ಕೂತರೂ ನಡುವಿನವರೆಗೆ ಕೈ ಎಟುಕುತ್ತದೆ, ಒಳಗೆ ಕಾಲಿಡಬೇಕಾಗಿಲ್ಲ. ಕಾಲಿಡದೇ ಇರುವುದು ನಾವು ಅಂದುಕೊಂಡದ್ದಕ್ಕಿಂತ ದೊಡ್ಡ ವಿಷಯ. ಹದವಾದ ಮಣ್ಣಿನಲ್ಲಿ ಅರ್ಧದಷ್ಟು ಮಾತ್ರ ಮಣ್ಣು. ಉಳಿದರ್ಧ ಸಂದು. ಆ ಸಂದಿನಲ್ಲಿ ಸರಿಸುಮಾರು ಅರ್ಧ ನೀರು, ಅರ್ಧ ಗಾಳಿ. ಒಮ್ಮೆ ತುಳಿದರೆ ಮೊದಲು ಹೋಗುವುದು ಆ ಗಾಳಿ. ಬೇರಿಗೂ ಉಸಿರಾಡಬೇಕಲ್ವಾ.

ಜಾಗ ಆರಿಸಲು ಒಂದು ಭಾನುವಾರ ಪೂರ್ತಿ ಕೊಟ್ಟೆ. ಗಂಟೆಗೊಮ್ಮೆ ಹೋಗಿ ನೆರಳಿನ ಅಂಚಿಗೆ ಒಂದು ಕಡ್ಡಿ ಚುಚ್ಚಿದೆ. ಕಾಯಿ ಬಿಡುವ ತರಕಾರಿಗೆ ಆರು ಗಂಟೆ ನೇರ ಬಿಸಿಲು ಬೇಕು. ಸೊಪ್ಪಿಗೆ ನಾಲ್ಕು ಗಂಟೆಯಾದರೂ ನಡೆಯುತ್ತದೆ. ನನ್ನ ಹಳೆಯ ಬದನೆ ಪಾತಿಗೆ ದಿನಕ್ಕೆ ಮೂರೂವರೆ ಗಂಟೆ ಬಿಸಿಲು ಬೀಳುತ್ತಿತ್ತು ಅಂತ ಅವತ್ತು ಗೊತ್ತಾಯಿತು. ಅಷ್ಟು ವರ್ಷ ಅಲ್ಲೇ ಬದನೆ ನೆಡುತ್ತಿದ್ದೆ.

ಪಾತಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ಕಾಂಪೋಸ್ಟ್ ಹಾಕಿದೆ. ಕಾಂಪೋಸ್ಟ್ ಮಾಡುವವರಿಗೆ ಒಂದು ಮಾತು. ಹಸಿ ಕಸಕ್ಕಿಂತ ಎರಡು ಮೂರು ಪಾಲು ಜಾಸ್ತಿ ಒಣ ಎಲೆ ಬೇಕು. ವಾಸನೆ ಬರುತ್ತಿದೆ ಅಂದರೆ ಒಣ ಎಲೆ ಸಾಲದು ಅಂತ ಲೆಕ್ಕ. ಗಂಟು ಬೇರುಗಳನ್ನು ಮಾತ್ರ ಅದಕ್ಕೆ ಹಾಕಬೇಡಿ. ಮನೆಯ ಸಣ್ಣ ಗುಡ್ಡೆ ಎಲ್ಲ ಕಡೆ ಒಂದೇ ಥರ ಬಿಸಿಯಾಗುವುದಿಲ್ಲ. ಅಂಚಿನಲ್ಲಿದ್ದ ಮೊಟ್ಟೆ ಬದುಕಿಬಿಡುತ್ತದೆ.

ಏನು ಹಾಕುವುದು ಅನ್ನುವುದಕ್ಕೆ ಜಾಸ್ತಿ ಯೋಚನೆ ಮಾಡಿದೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲ ಒಂದೇ ಕುಟುಂಬ. ಒಂದರ ರೋಗ ಇನ್ನೊಂದಕ್ಕೆ ಸುಲಭವಾಗಿ ಹಿಡಿಯುತ್ತದೆ. ಹಾಗಾಗಿ ಪಾತಿಯಲ್ಲಿ ಅವು ಯಾವುವೂ ಇಲ್ಲ. ಟೊಮೆಟೊ ಬಿಟ್ಟಿರಲು ಆಗಲ್ಲ, ಅದಕ್ಕೆ ಮೂರು ದೊಡ್ಡ ಕುಂಡ, ಹೊಸ ಮಣ್ಣು, ಕುಂಡದ ತಳ ನೆಲಕ್ಕೆ ತಾಗದ ಹಾಗೆ ಇಟ್ಟಿಗೆ. ಟೊಮೆಟೊ ಬೀಜದ ಪೊಟ್ಟಣದ ಮೇಲೆ ಕೆಲವೊಮ್ಮೆ ವಿ, ಎಫ್, ಎನ್ ಅಂತ ಇಂಗ್ಲಿಷ್ ಅಕ್ಷರ ಇರುತ್ತವೆ. ಎನ್ ಇದ್ದರೆ ಈ ಜಂತುಹುಳುವನ್ನು ತಡೆಯುವ ಗುಣ ಇದೆ ಅಂತ. ಆದರೆ ಮಣ್ಣಿನ ಬಿಸಿ 28 ಡಿಗ್ರಿ ದಾಟಿದರೆ ಆ ಗುಣ ಕೈಕೊಡುತ್ತದೆ. ಬಿಸಿ ಜಾಗದಲ್ಲಿ ಬೆಳೆಯುವವರು ಅದೊಂದನ್ನೇ ನಂಬಿ ಕೂರಬಾರದು.

ಪಾತಿಯ ಒಂದು ಪಾಲಿಗೆ ಮೂಲಂಗಿ, ಒಂದಕ್ಕೆ ಕೊತ್ತಂಬರಿ, ಒಂದಕ್ಕೆ ದಂಟು. ಉಳಿದ ಪಾಲಿಗೆ ಎಂಟು ಬೀನ್ಸ್ ಗಿಡ. ಬೀನ್ಸ್‌ಗೂ ಈ ಹುಳು ಹಿಡಿಯುತ್ತದೆ. ಗೊತ್ತಿದ್ದೇ ಹಾಕಿದೆ. ಕುಳ್ಳ ಬೀನ್ಸ್ ಎರಡು ತಿಂಗಳಲ್ಲಿ ಬಂದು ಮುಗಿಯುತ್ತದೆ. ಆಮೇಲೆ ಕಿತ್ತು ನೋಡಬಹುದು. ಮಣ್ಣು ಹೇಗಿದೆ ಅಂತ ನನಗೆ ಬೇರೇ ಹೇಳಬೇಕಿತ್ತು.

ಎಲ್ಲವೂ ಚೆನ್ನಾಗಿ ಬರಲಿಲ್ಲ. ಕೊತ್ತಂಬರಿ ಮೊದಲ ಸಲ ಏಳಲೇ ಇಲ್ಲ. ಕಾಳು ಒಡೆದು ಎರಡು ಹೋಳು ಮಾಡಿ ಮತ್ತೆ ಬಿತ್ತಿದ ಮೇಲೆ ಹನ್ನೆರಡನೇ ದಿನ ಎದ್ದಿತು. ಟೊಮೆಟೊ ಸಸಿ ಅರ್ಧ ಒಂದೇ ರಾತ್ರಿಯಲ್ಲಿ ಬುಡ ಕರಗಿ ಮಲಗಿದವು. ನೀರು ಜಾಸ್ತಿಯಾಗಿ ಶಿಲೀಂಧ್ರ ಹಿಡಿದಿತ್ತು. ಉಳಿದವಕ್ಕೆ ಟ್ರೇಯ ಕೆಳಗಿನಿಂದ ನೀರು ಕುಡಿಸಿದೆ, ಗಾಳಿ ಆಡುವ ಜಾಗಕ್ಕೆ ತಂದೆ. ನೆಡುವಾಗ ಕೆಳಗಿನ ಎಲೆ ಚಿವುಟಿ ಕಾಂಡವನ್ನು ಅರ್ಧದವರೆಗೆ ಹೂತೆ. ಹೂತ ಕಾಂಡದಿಂದಲೂ ಬೇರು ಬರುತ್ತದೆ, ಟೊಮೆಟೊಗೆ ಆ ಗುಣ ಇದೆ. ಬೇರಿನ ವಿಷಯದಲ್ಲಿ ಈಗ ನಾನು ಸ್ವಲ್ಪ ಆಸೆಬುರುಕಿ.

ಮಧ್ಯಾಹ್ನ ಹೊತ್ತು ಹೋಗಿ ನೋಡುವುದು ಮಾತ್ರ ಬಿಡಲಿಲ್ಲ. ಗಿಡದ ಮುಂದೆ ನಿಂತು ಎಲೆ ಜೋತಿದೆಯಾ ಅಂತ ನೋಡುವುದು. ಎರಡು ಸಲ ಬೀನ್ಸ್ ಎಲೆ ಸೋತ ಹಾಗೆ ಕಂಡಿತು, ಎದೆ ಧಸಕ್ಕೆಂದಿತು. ಬೆರಳು ಚುಚ್ಚಿ ನೋಡಿದರೆ ಎರಡು ಗೆಣ್ಣಿನ ಆಳದಲ್ಲಿ ಮಣ್ಣು ಒಣಗಿತ್ತು. ನೀರು ಹಾಕಿದ ಅರ್ಧ ಗಂಟೆಗೆ ಎಲೆ ಎದ್ದವು. ಒಣ ಮಣ್ಣಿನಲ್ಲಿ ಬಾಡಿದ ಗಿಡ ನೋಡಿ ಅಷ್ಟು ಸಂತೋಷ ಪಟ್ಟದ್ದು ಅದೇ ಮೊದಲು.

ಐವತ್ತನೇ ದಿನದಿಂದ ಕಾಯಿ ಕೊಯ್ದೆ. ಎಂಟು ಗಿಡದಿಂದ ಮೂರು ವಾರ, ದಿನ ಬಿಟ್ಟು ದಿನ ಒಂದು ಹಿಡಿ. ಕಾಯಿ ಕಮ್ಮಿಯಾಗಿ ಎಲೆ ಹಳದಿಯಾದ ಮೇಲೆ, ಕಳೆದ ಭಾನುವಾರ ಬೆಳಿಗ್ಗೆ, ಒಂದು ಬಕೆಟ್ ನೀರು ಇಟ್ಟುಕೊಂಡು ಪಾತಿಯ ಪಕ್ಕ ಕೂತೆ. ಎಳೆಯಲಿಲ್ಲ. ಎಳೆದರೆ ಸಣ್ಣ ಬೇರು ಒಳಗೇ ಹರಿಯುತ್ತದೆ. ಸುತ್ತಲೂ ಕೈಯಿಂದ ಮಣ್ಣು ಸಡಿಲಿಸಿ, ಬುಡದ ಕೆಳಗೆ ಬೆರಳು ಹಾಕಿ ಎತ್ತಿ, ನೀರಿನಲ್ಲಿ ಅದ್ದಿ ಅಲ್ಲಾಡಿಸಿದೆ.

ಬೇರಿನ ತುಂಬ ಗಂಟು.

ಸ್ವಲ್ಪ ಹೊತ್ತು ಏನೂ ತೋಚಲಿಲ್ಲ. ಆಮೇಲೆ ಒಂದು ಗಂಟನ್ನು ಹೆಬ್ಬೆರಳ ಉಗುರಿನಿಂದ ಮೆಲ್ಲಗೆ ತಳ್ಳಿದೆ. ಟಕ್ಕನೆ ಕಳಚಿ ಅಂಗೈಗೆ ಬಿತ್ತು. ಬೇರು ಹಾಗೇ ನುಣ್ಣಗೆ, ನೇರವಾಗಿ ಉಳಿಯಿತು. ಜಂತುಹುಳುವಿನ ಗಂಟು ಹೀಗೆ ಬರುವುದಿಲ್ಲ. ಅದು ಬೇರೇ ಊದಿರುವುದು, ಕೀಳಬೇಕಾದರೆ ಬೇರನ್ನೇ ಮುರಿಯಬೇಕು. ಇದು ಪಕ್ಕಕ್ಕೆ ಅಂಟಿಕೊಂಡ ಗುಂಡು. ಉಗುರಿನಿಂದ ಅದನ್ನು ಸೀಳಿದೆ. ಒಳಗೆ ನಸುಗೆಂಪು. ಚರ್ಮ ತರಚಿದಾಗ ರಕ್ತ ಬರುವ ಮೊದಲು ಕಾಣುವ ಬಣ್ಣ ಇದೆಯಲ್ಲ, ಆ ಬಣ್ಣ.

ಅದು ರೈಜೋಬಿಯಂ ಬ್ಯಾಕ್ಟೀರಿಯಾ ಇರುವ ಗಂಟು. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವುದು, ಬದಲಿಗೆ ಗಿಡದಿಂದ ಸಕ್ಕರೆ ಪಡೆಯುವುದು ಅದರ ಕೆಲಸ. ಒಳಗಿನ ಕೆಂಪು ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದು. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ದಾಯಾದಿ. ಅಲ್ಲೂ ಅದರ ಕೆಲಸ ಆಮ್ಲಜನಕ ಹಿಡಿದು ಬೇಕಾದಷ್ಟೇ ಬಿಡುವುದು. ಸಾರಜನಕ ಹಿಡಿಯುವ ಕೆಲಸಕ್ಕೆ ಆಮ್ಲಜನಕ ಜಾಸ್ತಿಯಾದರೆ ಕೆಡುಕು. ಕೆಂಪಗಿದ್ದರೆ ಗಂಟು ಕೆಲಸ ಮಾಡುತ್ತಿದೆ ಅಂತ. ಕೆಲಸ ಮುಗಿದದ್ದು ಹಸಿರು ಅಥವಾ ಕಂದು ಆಗಿರುತ್ತದೆ. ನಾನು ಈ ಬ್ಯಾಕ್ಟೀರಿಯಾವನ್ನು ತಂದು ಹಾಕಿರಲಿಲ್ಲ. ಆರು ವಾರ ಬೇಯಿಸಿದ ಮಣ್ಣಿನಲ್ಲೂ ಎಲ್ಲಿಂದಲೋ ಉಳಿದು, ಬೀನ್ಸ್ ಬೇರನ್ನು ಹುಡುಕಿಕೊಂಡು ಬಂದಿತ್ತು.

ಒಂದೊಂದೇ ಗಿಡ ತೊಳೆದು ನೋಡಿದೆ. ಎರಡನೆಯದು, ಮೂರನೆಯದು, ನಾಲ್ಕನೆಯದು. ಎಲ್ಲದರಲ್ಲೂ ಕಳಚಿ ಬರುವ ಗುಂಡುಗಳು. ಒಂದು ಗಿಡದಲ್ಲಿ ಎಣಿಸಿದೆ, ಅರವತ್ತಮೂರು ಇದ್ದವು. ಹಳೆಯ ಹನ್ನೊಂದು ಗಿಡಗಳ ಬೇರು ಕಣ್ಣ ಮುಂದೆ ಬರುತ್ತಲೇ ಇತ್ತು. ಇದರ ಪಕ್ಕ ಇಟ್ಟು ನೋಡುವ ಹಾಗೆ ಆಗಿದ್ದರೆ ಅಂತ ಅನ್ನಿಸುತ್ತಿತ್ತು.

ಏಳನೆಯದು ಮೂಲೆಯ ಗಿಡ. ಅದರಲ್ಲಿ ಒಂದು ಗಂಟು ಉಗುರಿಗೆ ಕಳಚಲಿಲ್ಲ. ಇನ್ನೊಮ್ಮೆ ತಳ್ಳಿದೆ. ಬೇರು ಬಾಗಿತು, ಗಂಟು ಅಲ್ಲೇ ಇತ್ತು. ಪಕ್ಕದ ಬೇರಿನಲ್ಲಿ ಅಂಥದ್ದೇ ಇನ್ನೆರಡು. ಕತ್ತರಿಸಿ ನೋಡಿದೆ. ಒಳಗೆ ಕೆಂಪಿಲ್ಲ, ಬಿಳಿ. ಎಂಟನೆಯದರಲ್ಲಿ ಇರಲಿಲ್ಲ.

ಏಳನೇ ಗಿಡದ ಬೇರನ್ನು ಬೇರೆ ಚೀಲಕ್ಕೆ ಹಾಕಿ ಕಟ್ಟಿದೆ. ಉಳಿದ ಗಿಡಗಳ ಬೇರನ್ನು ಚೂರು ಮಾಡಿ ಅದೇ ಮಣ್ಣಿಗೆ ಸೇರಿಸಿದೆ. ನೋಟ್‌ಬುಕ್ಕಿನಲ್ಲಿ ಪಾತಿಯ ಚಿತ್ರ ಬರೆದು ಆ ಮೂಲೆಗೆ ಒಂದು ಗುರುತು ಹಾಕಿದೆ. ಗುದ್ದಲಿ ತೊಳೆದೆ.

ಆ ಮೂಲೆಗೆ ಈಗ ಕುಳ್ಳ ಜಾತಿಯ ಚೆಂಡು ಹೂ. ಅದರ ಬೇರು ಈ ಹುಳುಗಳಿಗೆ ಆಗದ ಒಂದು ರಾಸಾಯನಿಕ ಬಿಡುತ್ತದೆ. ಟೊಮೆಟೊ ಪಕ್ಕ ಒಂದೆರಡು ಚೆಂಡು ಹೂ ನೆಟ್ಟರೆ ಪ್ರಯೋಜನ ಕಮ್ಮಿ. ಆ ಜಾಗದಲ್ಲಿ ಬೇರೇನೂ ಇಲ್ಲದೆ, ದಟ್ಟವಾಗಿ, ಕಡಿಮೆ ಅಂದರೆ ಎರಡು ತಿಂಗಳು ಅದೇ ಬೆಳೆಯಬೇಕು. ಮಧ್ಯೆ ಕಳೆ ಬರಲೂ ಬಿಡಬಾರದು. ಒಂದು ತುದಿ ಕಪ್ಪು, ಇನ್ನೊಂದು ತುದಿಗೆ ಒಣ ಹುಲ್ಲಿನ ಬಣ್ಣದ ಬಾಲ ಇರುವ ಬೀಜಗಳು. ನಾಲ್ಕು ನಾಲ್ಕು ಬೆರಳಿನ ಅಂತರದಲ್ಲಿ ಬಿತ್ತಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿದೆ.

ಮೊಳೆಯಲು ಐದಾರು ದಿನ ಬೇಕು. ಇವತ್ತು ನಾಲ್ಕನೇ ದಿನ.